ಕನಸಿನೊಳಗೆ ಎಚ್ಚರಗೊಳ್ಳಲು ಸಿನಿಮಾ, ಪುಸ್ತಕಗಳ ನೆರವು

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂಬ ಅರಿವು ಮೂಡಿದರೆ ಅದನ್ನು ಲೂಸಿಡ್ ಡ್ರೀಮ್ ಎನ್ನುತ್ತಾರೆ. 2013ರಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ ತೆರೆಕಂಡ ಮೇಲೆ ಈ ಮಾತು ಕನ್ನಡಿಗರ ಕಿವಿಗೂ ಬಿತ್ತು. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ, ನಿದ್ದೆಗೆಟ್ಟ ನಾಯಕನಿಗೆ ಅಲ್ಲಿ ಒಂದು ಮಾತ್ರೆ ಸಿಗುತ್ತದೆ. ಆ ಮಾತ್ರೆ ಕಥೆಗಾಗಿ ಹುಟ್ಟಿದ್ದು. ನಮಗೆ ಬೇಕಾದದ್ದು ಅಭ್ಯಾಸ ಮಾತ್ರ.

ಇರುಳಿಡೀ ಯಕ್ಷಗಾನ ನೋಡಿ ಬಂದು ಮಲಗಿದವರ ಕಿವಿಯಲ್ಲಿ ಚಂಡೆ ನಿಲ್ಲುವುದಿಲ್ಲ. ಟೆಟ್ರಿಸ್ ಎಂಬ ವಿಡಿಯೊ ಆಟವಾಡಿದವರಿಗೆ ಕಣ್ಣು ಮುಚ್ಚಿದೊಡನೆ ಉದುರುವ ಚೌಕಗಳು ಕಾಣುತ್ತವೆ. ಆಟವಾಡಿದ್ದನ್ನೇ ಮರೆತಿದ್ದ ಸ್ಮೃತಿನಾಶದ ರೋಗಿಗಳಿಗೂ ಅವು ಕಂಡವೆಂದು ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ತಂಡ 2000ದಲ್ಲಿ ವರದಿ ಮಾಡಿತು. ನೋಡಿದ್ದು ನಿದ್ದೆಗೆ ಇಳಿಯುವುದು ಇಷ್ಟು ಸುಲಭ. ಆದರೆ ದೃಶ್ಯ ಬಂದ ಮಾತ್ರಕ್ಕೆ ಅರಿವು ಬರುವುದಿಲ್ಲ. ಆ ದೃಶ್ಯಕ್ಕೆ ಹಗಲಿನಲ್ಲೇ ಒಂದು ಪ್ರಶ್ನೆಯನ್ನು ಕಟ್ಟಿಡಬೇಕು.

ಮೊದಲಿಗೆ ಒಂದೇ ಕೃತಿಯನ್ನು ಆರಿಸಿಕೊಳ್ಳಿ. ಪಾತ್ರವೇ ತನ್ನ ಸುತ್ತಲಿನ ಲೋಕವನ್ನು ಅನುಮಾನಿಸುವ ಚಿತ್ರವೋ ಕಾದಂಬರಿಯೋ ಆದರೆ ಉತ್ತಮ. ಹತ್ತು ಚಿತ್ರಗಳನ್ನು ಒಂದೇ ವಾರ ನೋಡಿದರೆ ಯಾವುದೂ ಮನಸ್ಸಿನಲ್ಲಿ ನೆಲೆಯೂರುವುದಿಲ್ಲ. ಪರದೆಯನ್ನು ಸಂಜೆಗೇ ಮುಗಿಸಿ, ಮಲಗುವ ಮುನ್ನ ಪುಸ್ತಕ ಹಿಡಿಯಿರಿ. ಭಯಾನಕ ಕಥೆ ಬೇಡ.

ಎರಡನೆಯದಾಗಿ, ಆ ಕೃತಿಯಿಂದ ಒಂದು ವಸ್ತುವನ್ನು ಹೆಕ್ಕಿ ತೆಗೆಯಿರಿ: ಬಾಗಿಲು, ಮೆಟ್ಟಿಲು, ದೀಪದ ಸ್ವಿಚ್, ಏನಾದರೂ ಸರಿ. ಹಗಲಿನಲ್ಲಿ ಅದು ಕಣ್ಣಿಗೆ ಬಿದ್ದಾಗಲೆಲ್ಲ ನಿಂತು, ‘ನಾನೀಗ ಕನಸಿನಲ್ಲಿದ್ದೇನೆಯೇ?’ ಎಂದು ನಿಜವಾಗಿಯೂ ಅನುಮಾನಿಸಿ ಕೇಳಿಕೊಂಡು, ಪರೀಕ್ಷಿಸಿ. ಮೂಗು ಒತ್ತಿ ಹಿಡಿದು ಉಸಿರೆಳೆದು ನೋಡಬಹುದು. ಕನಸಿನಲ್ಲಾದರೆ ಅನೇಕ ಸಲ ಉಸಿರು ಸಲೀಸಾಗಿ ಆಡುತ್ತದೆ. ನನಗೆ ಹೆಚ್ಚು ಒಲಿದದ್ದು ಅಕ್ಷರದ ಪರೀಕ್ಷೆ. ಒಂದು ಸಾಲು ಓದಿ, ಕಣ್ಣು ಬೇರೆಡೆ ಹೊರಳಿಸಿ, ಮತ್ತೆ ಓದುವುದು. ಒಮ್ಮೆ ಕನಸಿನಲ್ಲಿ ಅಂಗಡಿಯೊಂದರ ಬೋರ್ಡನ್ನು ಎರಡನೆಯ ಸಲ ಓದಿದಾಗ ಒತ್ತಕ್ಷರಗಳೆಲ್ಲ ಕೆಳಗಿನಿಂದ ಮೇಲೇರಿ ಕೂತಿದ್ದವು. ಆ ಕ್ಷಣವೇ ಕನಸೆಂದು ತಿಳಿಯಿತು. ಅಷ್ಟು ಸಂತೋಷ ನನಗೆ ಬೇರೆ ಯಾವ ಬೋರ್ಡೂ ಕೊಟ್ಟಿಲ್ಲ.

ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇರಲಿ. ಎದ್ದೊಡನೆ ಕನಸನ್ನು ಬರೆದು, ಚಿತ್ರದ ಛಾಯೆ ಎಲ್ಲಿ ಕಂಡಿತೋ ಅಲ್ಲಿ ಅಡಿಗೆರೆ ಎಳೆಯಿರಿ. ಮತ್ತೆ ಮತ್ತೆ ಬರುವುದೇ ನಿಮ್ಮ ಕನಸಿನ ಗುರುತು.

ಬೆಳಗಿನ ಜಾವದ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಅನಿಸಿಕೆ. ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ, ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವ ನಿದ್ದೆಯ ಘಟ್ಟ ಸುಮಾರು 90 ನಿಮಿಷಕ್ಕೊಮ್ಮೆ ಮರಳುತ್ತದೆ ಮತ್ತು ಬೆಳಗಾಗುತ್ತಿದ್ದಂತೆ ದೀರ್ಘವಾಗುತ್ತದೆ. ಆದ್ದರಿಂದ ಐದು ಗಂಟೆ ನಿದ್ದೆಯಾದ ಮೇಲೆ ಅಲಾರಂ ಇಟ್ಟು ಎದ್ದು, ಮಂದ ಬೆಳಕಿನಲ್ಲಿ ಅದೇ ಪುಸ್ತಕದ ಎರಡು ಮೂರು ಪುಟ ಓದಿ. ಮಲಗಿ, ಆಗಷ್ಟೇ ಕಂಡ ಕನಸನ್ನು ನೆನೆಯುತ್ತ, ಅದರೊಳಗೆ ಆ ಬಾಗಿಲು ಎದುರಾದಂತೆ, ಅದು ಕನಸೆಂದು ನಿಮಗೆ ಹೊಳೆದಂತೆ ಕಲ್ಪಿಸಿಕೊಳ್ಳುತ್ತ ನಿದ್ದೆಗೆ ಜಾರಿ. ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನೆ ನಡೆಸಿದ ಸ್ಟೀಫನ್ ಲಾಬರ್ಜ್ ರೂಪಿಸಿದ ವಿಧಾನದ ತಿರುಳೂ ಇದೇ. ವಾರಕ್ಕೆ ಒಂದೆರಡು ಸಲ ಸಾಕು. ನಿದ್ರಾಹೀನತೆ ಇರುವವರು, ವಾಸ್ತವ ಮತ್ತು ಭ್ರಮೆಯ ಗೆರೆ ಮಸುಕಾಗುವಂಥ ಮಾನಸಿಕ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಅರಿವು ಮೂಡಿದಾಗ ಉದ್ವೇಗದಿಂದಲೇ ಎಚ್ಚರವಾಗಿಬಿಡುವುದು ಸಾಮಾನ್ಯ. ಕನಸಿನ ಕೈಗಳನ್ನೇ ಒಂದಕ್ಕೊಂದು ಉಜ್ಜುತ್ತ ಆ ಸ್ಪರ್ಶದ ಮೇಲೆ ಗಮನವಿಡಿ. ಆದರೂ ಕಣ್ಣು ತೆರೆದುಕೊಂಡರೆ ಮಗ್ಗುಲು ಬದಲಿಸದೆ ಕಂಡದ್ದನ್ನೆಲ್ಲ ಒಮ್ಮೆ ನೆನೆದು, ಆಮೇಲೆ ನೋಟ್‌ಬುಕ್ಕಿಗೆ ಕೈ ಚಾಚಿ.