ಉಪಗ್ರಹ ಚಿತ್ರದಲ್ಲಿ ಪರ್ವತ ಅಲೆಗಳನ್ನು ಗುರುತಿಸುವ ಬಗೆ

ಬೆಟ್ಟಸಾಲನ್ನು ದಾಟುವ ಗಾಳಿ ಎಬ್ಬಿಸುವ ಅಲೆಗಳನ್ನು ಉಪಗ್ರಹ ಚಿತ್ರದಲ್ಲಿ ಓದಲು ಕಲಿಯುವವರು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡದಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿ 4,421 ಮೀಟರ್ ಎತ್ತರದ ಮೌಂಟ್ ವಿಟ್ನಿಯ ಪೂರ್ವಕ್ಕೆ ನೆಲ ಸುಮಾರು 3,000 ಮೀಟರ್ ಕಡಿದಾಗಿ ಇಳಿದು ಓವೆನ್ಸ್ ಕಣಿವೆಯನ್ನು ಸೇರುತ್ತದೆ; ಪಶ್ಚಿಮದ ಗಾಳಿ ಈ ಅಂಚಿನಿಂದ ಧುಮುಕಿ, ವಾಯುಪದರ ಸ್ಥಿರವಾಗಿದ್ದರೆ, ಅಂದರೆ ಕೆಳಗೆ ತಳ್ಳಿದ ಗಾಳಿ ತನ್ನ ಮಟ್ಟಕ್ಕೇ ಮರಳುವಂತಿದ್ದರೆ, ಮತ್ತೆ ಮೇಲಕ್ಕೆ ಪುಟಿಯುತ್ತದೆ.

ಅಮೆರಿಕದ ಹವಾಮಾನ ಉಪಗ್ರಹ ಗೋಸ್-18ರಿಂದ ಐದು ನಿಮಿಷಕ್ಕೊಮ್ಮೆ ಬರುವ ಹಗಲಿನ ಚಿತ್ರಗಳನ್ನು ಎರಡು ಮೂರು ಗಂಟೆಗಳಷ್ಟು ಜೋಡಿಸಿ ಓಡಿಸಬೇಕು. ಒಂದೇ ಚಿತ್ರವನ್ನು ನೋಡಿ ತೀರ್ಮಾನಿಸಬಾರದು, ಏಕೆಂದರೆ ಅಲೆಯ ಮೋಡದ ನಿಜವಾದ ಗುರುತು ಅದರ ಆಕಾರಕ್ಕಿಂತ ಹೆಚ್ಚಾಗಿ ಅದರ ನಿಲುವಿನಲ್ಲಿದೆ: ಉಳಿದ ಮೋಡಗಳು ತೇಲಿ ಹೋಗುತ್ತಿದ್ದರೂ ಅದು ಇದ್ದಲ್ಲೇ ಇರುತ್ತದೆ. ಗಾಳಿ ಬರುವ ಕಡೆಯ ಅಂಚಿನಲ್ಲಿ ಏರುವ ಗಾಳಿ ತಣಿದು ಹನಿಗಳು ಹುಟ್ಟುತ್ತಲೇ ಇರುತ್ತವೆ, ಆಚೆಯ ಅಂಚಿನಲ್ಲಿ ಇಳಿಯುವ ಗಾಳಿ ಬೆಚ್ಚಗಾಗಿ ಅವು ಆರುತ್ತಲೇ ಇರುತ್ತವೆ. ಹಿಗ್ಗಿಸಿ ನೋಡಿದರೆ ಶಿಖರಗಳಿಗೆ ಕವಿದ ಮೋಡ, ಅದರ ಪೂರ್ವಕ್ಕೆ ಗೆರೆ ಎಳೆದಂತಹ ಖಾಲಿ ಪಟ್ಟಿ, ಆಮೇಲೆ ಕಣಿವೆಯುದ್ದಕ್ಕೂ ಬೆಳ್ಳನೆಯ ಮೋಡದ ಗೋಡೆ ಕಾಣುತ್ತದೆ.

ಅಲೆಗಳು ಒಂದರ ಹಿಂದೆ ಒಂದು ಬಂದಾಗ ಮೂಡುವ ಮೋಡದ ಪಟ್ಟಿಗಳ ನಡುವಿನ ಅಂತರವನ್ನೂ ಅಳೆಯಿರಿ. ಸೆಕೆಂಡಿಗೆ 20 ಮೀಟರ್ ಗಾಳಿಯಲ್ಲಿ ಒಂದು ಏರಿಳಿತಕ್ಕೆ 10 ನಿಮಿಷ ಹಿಡಿದರೆ ಅಂತರ 12 ಕಿಲೋಮೀಟರ್ ಆಗುತ್ತದೆ.

ಮೋಡವಿಲ್ಲವೆಂದು ಅಲೆಯೂ ಇಲ್ಲವೆಂದು ಭಾವಿಸುವುದು ಅಪಾಯಕಾರಿ. 1966ರ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಬಳಿ ಬ್ರಿಟನ್ನಿನ ಬಿಓಎಸಿ ವಿಮಾನಯಾನ ಸಂಸ್ಥೆಯ ಬೋಯಿಂಗ್ 707 ವಿಮಾನ ತಿಳಿಯಾದ ಆಕಾಶದಲ್ಲೇ ತೀವ್ರ ಪ್ರಕ್ಷುಬ್ಧತೆಗೆ ಸಿಕ್ಕಿ ಒಡೆದು, ಅದರಲ್ಲಿದ್ದ 124 ಮಂದಿಯೂ ಸತ್ತರು. ಆದ್ದರಿಂದ ಗಾಳಿಯಲ್ಲಿನ ತೇವವನ್ನು ತೋರಿಸುವ ನೀರಾವಿಯ ಚಿತ್ರಗಳನ್ನು, ಅದರಲ್ಲೂ ಹೆಚ್ಚು ಕೆಳಗಿನ ಪದರಗಳವರೆಗೆ ನೋಡಬಲ್ಲ 7.3 ಮೈಕ್ರೋಮೀಟರ್ ತರಂಗಾಂತರದ ಚಾನೆಲನ್ನು ತಪ್ಪದೆ ತೆರೆಯಬೇಕು. ಒಣಗಾಳಿ ಇಳಿಯುವಲ್ಲಿ ಕಪ್ಪು ಪಟ್ಟಿಯೂ ತೇವದ ಗಾಳಿ ಏರುವಲ್ಲಿ ಬಿಳಿ ಪಟ್ಟಿಯೂ ಮೂಡುತ್ತವೆ. ನೇಗಿಲ ಸಾಲಿನಂತೆ ಸಮಾನಾಂತರವಾಗಿರುವ ಅಲೆಗಳಲ್ಲಿ ಹಾರಾಟ ಎಷ್ಟೋ ಬಾರಿ ನಯವಾಗಿಯೇ ಇರುತ್ತದೆ. ಸಾಲುಗಳು ಒಂದನ್ನೊಂದು ಅಡ್ಡ ಹಾಯ್ದು ಕಲಸಿಹೋದಲ್ಲಿ ಹೆಚ್ಚು ಎಚ್ಚರ ಬೇಕು. ಶಿಖರಮಟ್ಟದ ಕೆಳಗೆ ಸುರುಳಿ ಸುತ್ತುವ ರೋಟರ್ ಗಾಳಿಯಂತೂ ಮೇಲಿನ ಮೋಡದ ಮರೆಯಲ್ಲಿ ಉಪಗ್ರಹಕ್ಕೆ ಕಾಣದೆಯೇ ಇರಬಹುದು.

ಕೊನೆಗೆ, ಗಾಳಿ ಬರುವ ದಿಕ್ಕಿನಲ್ಲಿರುವ ಓಕ್ಲೆಂಡ್‌ನ ಹವಾಮಾನ ಬಲೂನಿನ ಅಳತೆಯಲ್ಲಿ ಶಿಖರಮಟ್ಟದ ಗಾಳಿಯ ವೇಗ, ದಿಕ್ಕು ಮತ್ತು ಸ್ಥಿರ ಪದರವನ್ನು ಪರಿಶೀಲಿಸಿ, ಪೈಲಟ್‌ಗಳ ವರದಿಯಲ್ಲಿರುವ ಸಮಯ ಮತ್ತು ಎತ್ತರವನ್ನು ಅದೇ ಹೊತ್ತಿನ ಚಿತ್ರದೊಂದಿಗೆ ತಾಳೆ ನೋಡಬೇಕು.