ಆಸ್ಪತ್ರೆ ಬಾಕಿ ಎಷ್ಟು ದಿನಕ್ಕೆ ಕೈಸೇರುತ್ತದೆ: ನಾನು ಲೆಕ್ಕ ಹಾಕುವ ಬಗೆ

ವಸೂಲಿ ಅವಧಿ ಲೆಕ್ಕ ಹಾಕುವಾಗ ಒಟ್ಟು ಆದಾಯವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಕಿ 18 ಕೋಟಿ, ಮೂರು ತಿಂಗಳ ಬಿಲ್ಲಿಂಗ್ 27 ಕೋಟಿ ಅನ್ನಿ. ಬಾಕಿಯನ್ನು ಬಿಲ್ಲಿಂಗಿನಿಂದ ಭಾಗಿಸಿ 90ರಿಂದ ಗುಣಿಸಿದರೆ 60 ದಿನ, ನೋಡಲು ಚೆನ್ನಾಗಿದೆ. ಆ ಬಿಲ್ಲಿಂಗಿನಲ್ಲಿ ಅರ್ಧ ರೋಗಿಗಳೇ ಕೌಂಟರಿನಲ್ಲಿ ಕಟ್ಟಿದ ಹಣವಾದರೆ ಕ್ರೆಡಿಟ್ ಬಿಲ್ಲು, ಅಂದರೆ ಬೇರೆಯವರು ಆಮೇಲೆ ಕೊಡಬೇಕಾದದ್ದು, 13.5 ಕೋಟಿ ಮಾತ್ರ, ಅವಧಿ 120 ದಿನ. ಇದನ್ನೇ ಮತ್ತೆ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆ), ಕಾರ್ಪೊರೇಟ್, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ), ಆಯುಷ್ಮಾನ್ ಎಂದು ಬೇರೆ ಬೇರೆ ಮಾಡುತ್ತೇನೆ. ಸರಾಸರಿ ಹಿಡಿದುಕೊಂಡು ಯಾರ ಬಳಿಯೂ ಹಣ ಕೇಳಲಾಗದು.

ದಿನ ಎಣಿಸುವುದು ಡಿಸ್ಚಾರ್ಜ್ ತಾರೀಖಿನಿಂದ, ಫೈಲು ಕಳಿಸಿದ ತಾರೀಖಿನಿಂದಲ್ಲ. ಆಯುಷ್ಮಾನ್ ಕ್ಲೇಮಿಗೆ ರಾಜ್ಯದೊಳಗೆ 15 ದಿನ, ಹೊರರಾಜ್ಯದ ರೋಗಿಯಾದರೆ 30 ದಿನ ಎಂದು ಮಾರ್ಗಸೂಚಿ ಹೇಳುತ್ತದೆ. ಆದರೆ ಆ ಗಡಿಯಾರ ಓಡತೊಡಗುವುದು ನಾವು ಕ್ಲೇಮು ಸಲ್ಲಿಸಿದ ಮೇಲೆ. ಅದಕ್ಕೂ ಮುಂಚಿನ ದಿನಗಳು ಪೂರ್ತಿ ನಮ್ಮವು, ಕಡಿಮೆ ಮಾಡುವುದೂ ಅಲ್ಲೇ ಸುಲಭ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ತಂದ ಮೂರು ಗಂಟೆಯ ನಿಯಮವೂ ಡಿಸ್ಚಾರ್ಜ್ ಅಪ್ರೂವಲ್ಲಿಗೆ ಸಂಬಂಧಿಸಿದ್ದು. ಹಣ ಜಮೆಯಾಗುವುದು ಆಮೇಲಿನ ಮಾತು.

ಫೈಲು ನಿಲ್ಲುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಸ್ಟೆಂಟ್ ಹಾಕಿದ ಕೇಸನ್ನೇ ನೋಡಿ, ಕ್ಲೇಮಿನ ಜೊತೆ ಇಷ್ಟು ಬೇಕು: ಸ್ಟೆಂಟ್ ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರಿನ ಸ್ಟಿಕ್ಕರ್, ಇನ್‌ವಾಯ್ಸ್, ಆಂಜಿಯೋ ಸಿಡಿ, ಸಹಿಯಾದ ಡಿಸ್ಚಾರ್ಜ್ ಸಮ್ಮರಿ. ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬಿನಲ್ಲೇ ಒಂದು ಸ್ಟಿಕ್ಕರ್ ಕೇಸ್ ಶೀಟಿಗೆ, ಇನ್ನೊಂದು ಬಿಲ್ಲಿಂಗ್ ಪ್ರತಿಗೆ ಅಂಟಿಸದಿದ್ದರೆ ಪೆಟ್ಟಿಗೆ ಕಸದ ಬುಟ್ಟಿ ಸೇರುತ್ತದೆ, ಕ್ವೆರಿ (ಕ್ಲೇಮಿನ ಬಗ್ಗೆ ಪ್ರಶ್ನೆ) ಬಂದಾಗ ಕೊಡಲು ಏನೂ ಉಳಿದಿರುವುದಿಲ್ಲ. ಅಪಘಾತದ ಕೇಸಿನಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಪ್ರತಿಯದೂ ಇದೇ ಪಾಡು. ರೋಗಿ ವಾರ್ಡಿನಲ್ಲಿರುವಾಗಲೇ ಇವನ್ನೆಲ್ಲ ಕೂಡಿಸಿಬಿಡಬೇಕು.

ಇನ್ನು ಪುಸ್ತಕದಲ್ಲಷ್ಟೇ ಇರುವ ಬಾಕಿ. ಟಿಪಿಎ ಶೇ 10 ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಹಿಡಿದು ಉಳಿದದ್ದನ್ನು ಕಳಿಸುತ್ತದೆ. ಹಿಡಿದದ್ದನ್ನು ತೆರಿಗೆ ಖಾತೆಗೆ ವರ್ಗಾಯಿಸದಿದ್ದರೆ ಅದು ವರ್ಷಗಟ್ಟಲೆ ಟಿಪಿಎ ಹೆಸರಿನಲ್ಲೇ ಬಾಕಿಯಾಗಿ ಕೂರುತ್ತದೆ. ಮೊದಲೇ ನಿಗದಿಯಾದ ಪ್ಯಾಕೇಜ್ ದರದ ರೋಗಿಗೆ ಆಸ್ಪತ್ರೆಯ ಸ್ವಂತ ದರದಲ್ಲಿ ಬಿಲ್ಲು ಹಾಕಿದರೆ ಆ ವ್ಯತ್ಯಾಸ ಎಂದೂ ಬರುವುದಿಲ್ಲ. ಒಪ್ಪಂದದ ರಿಯಾಯಿತಿ, ರೂಮ್ ಬಾಡಿಗೆಯ ಮಿತಿ ಮೀರಿದ್ದಕ್ಕೆ ಆದ ಕಡಿತ, ಇವನ್ನು ಗೊತ್ತಾದ ತಿಂಗಳಲ್ಲೇ ತೀರ್ಮಾನಿಸಬೇಕು: ರೋಗಿಯಿಂದ ಬರಬೇಕೋ, ಮರುಪರಿಶೀಲನೆಗೆ ಹೋಗಬೇಕೋ, ಕ್ರೆಡಿಟ್ ನೋಟ್ ಹಾಕಿ ಬಿಲ್ಲಿನಿಂದ ಕಳೆಯಬೇಕೋ.

ಬ್ಯಾಂಕಿಗೆ ಒಂದೇ ಯುಟಿಆರ್‌ನಲ್ಲಿ (ಬ್ಯಾಂಕ್ ವರ್ಗಾವಣೆಯ ಗುರುತು ಸಂಖ್ಯೆ) ಹಲವು ಬಿಲ್ಲುಗಳ ಹಣ ಒಟ್ಟಿಗೆ ಬೀಳುತ್ತದೆ. ವಿವರ ಪಟ್ಟಿ ತರಿಸಿಕೊಂಡು ಬಿಲ್ಲಿಗೆ ಬಿಲ್ಲು ಹೊಂದಿಸದೆ ನಾನು ಯಾರಿಗೂ ಬಾಕಿ ಪತ್ರ ಕಳಿಸುವುದಿಲ್ಲ. ಕೊಟ್ಟ ಹಣವನ್ನೇ ಮತ್ತೆ ಕೇಳಿದರೆ ಪಟ್ಟಿಯಲ್ಲಿರುವ ನಿಜವಾದ ಬಾಕಿಯನ್ನೂ ಅವರು ಪಕ್ಕಕ್ಕಿಡುತ್ತಾರೆ. 90 ದಿನ ದಾಟಿದ ಕ್ಲೇಮುಗಳಿಗೆ ಕ್ಲೇಮ್ ನಂಬರು, ಫೈಲು ತಲುಪಿದ ತಾರೀಖು, ಕೊನೆಯ ಕ್ವೆರಿಗೆ ಕೊಟ್ಟ ಉತ್ತರ ಇಷ್ಟನ್ನೂ ಒಂದೇ ಹಾಳೆಯಲ್ಲಿ ಇಟ್ಟುಕೊಂಡು ಹಣ ಕೊಡಬೇಕಾದವರ ಎದುರು ಕೂತು ತಾಳೆ ನೋಡಿ, ಇಬ್ಬರೂ ಸಹಿ ಹಾಕಬೇಕು.