ಆಫೀಸಿನಿಂದ ಮನೆಯ ಕಂಪ್ಯೂಟರ್ ಬಳಸುವುದು ಹೇಗೆ?

ಆಫೀಸಿನಲ್ಲಿ ಕೂತು ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್‌ನಿಂದ ಮನೆಯ ಕಂಪ್ಯೂಟರ್ ತೆರೆಯಲು ನೋಡುತ್ತೀರಿ, ಸಂಪರ್ಕವೇ ಸಿಗುವುದಿಲ್ಲ. ಅದು ಬಳಸುವುದು 3389ನೇ ಪೋರ್ಟ್, ಅಂದರೆ ಇಂಟರ್ನೆಟ್ ಸಂಪರ್ಕ ಹೋಗಿಬರುವ ನಂಬರಿನ ಬಾಗಿಲು. ಕಟ್ಟುನಿಟ್ಟಿನ ಆಫೀಸುಗಳ ಫೈರ್‌ವಾಲ್ ಸಾಮಾನ್ಯವಾಗಿ ವೆಬ್‌ಸೈಟುಗಳಿಗೆ ಬೇಕಾದ 443ರಂಥ ಕೆಲವನ್ನು ಬಿಟ್ಟು ಉಳಿದದ್ದನ್ನು ಮುಚ್ಚಿರುತ್ತದೆ. ಮನೆಯಲ್ಲಿ ವಿಂಡೋಸ್ ಹೋಮ್ ಇದ್ದರೆ ಆ ದಾರಿಯೇ ಇಲ್ಲ, ಪ್ರೊ ಬೇಕು.

ಆಗ ಯಾರೋ ಒಬ್ಬರು, ರೂಟರಿನಲ್ಲಿ ಪೋರ್ಟ್ ತೆರೆದುಬಿಡಿ ಅನ್ನುತ್ತಾರೆ. ದಯವಿಟ್ಟು ಬೇಡ. ತೆರೆದ 3389 ಹುಡುಕಿ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಮುಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ, 2019ರಲ್ಲಿ ಸಿಕ್ಕ ಬ್ಲೂಕೀಪ್ ಎಂಬ ದೋಷಕ್ಕಂತೂ ಹಳೆಯ ವಿಂಡೋಸುಗಳಲ್ಲಿ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಮೇಲಾಗಿ ನಮ್ಮಲ್ಲಿ ಎಷ್ಟೋ ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ರೂಟರಿನ ವ್ಯಾನ್ ವಿಳಾಸ (ಇಂಟರ್ನೆಟ್ ಕಡೆಯ ಐಪಿ ವಿಳಾಸ) 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಪೋರ್ಟ್ ತೆರೆದೂ ಪ್ರಯೋಜನ ಇಲ್ಲ.

ಸರಿಯಾದ ದಾರಿ ಅಂದರೆ ಮನೆಯ ಕಂಪ್ಯೂಟರೇ ಹೊರಗಿನ ಸರ್ವರಿಗೆ ಸಂಪರ್ಕ ಮಾಡಿ ಕಾಯುವುದು. ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹಾಗೇ ಕೆಲಸ ಮಾಡುತ್ತದೆ, ಉಚಿತ ಕೂಡ.

ಆದರೆ ಮೊದಲು ಆಫೀಸಿನ ಐಟಿಯವರನ್ನು ಕೇಳಿ. ಒಂದು ಮೇಲ್ ಹಾಕಿ, ಉತ್ತರ ಉಳಿಸಿಕೊಳ್ಳಿ. ಬೇಡ ಅಂದರೆ ಕಳ್ಳದಾರಿ ಹುಡುಕಬೇಡಿ, ಕೆಲಸಕ್ಕೇ ಕುತ್ತು ಬರಬಹುದು. ನಿಮ್ಮ ಫೋನು, ನಿಮ್ಮ ಮೊಬೈಲ್ ಡೇಟಾ ಇದೆಯಲ್ವಾ? ಬಿಡುವಿನಲ್ಲಿ ಅದರಲ್ಲೇ ಮನೆಯ ಕಂಪ್ಯೂಟರ್ ತೆರೆಯಬಹುದು.

ಮನೆಯ ಕಂಪ್ಯೂಟರಿನ ಕ್ರೋಮ್‌ನಲ್ಲಿ ಗೂಗಲ್ ಖಾತೆಗೆ ಲಾಗಿನ್ ಆಗಿ, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಪುಟ ತೆರೆದು, ರಿಮೋಟ್ ಆ್ಯಕ್ಸೆಸ್ ವಿಭಾಗದಲ್ಲಿ ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡಿ. ಕಂಪ್ಯೂಟರಿಗೊಂದು ಹೆಸರು, ಕನಿಷ್ಠ 6 ಅಂಕಿಯ ಪಿನ್ ಕೊಡಿ. ಹುಟ್ಟಿದ ದಿನಾಂಕ ಬೇಡ. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಲೇಬೇಕು, ಯಾಕೆಂದರೆ ಇನ್ನು ಆ ಖಾತೆಯೇ ನಿಮ್ಮ ಮನೆಯ ಬೀಗದ ಕೈ. ಆಮೇಲೆ ಬೇರೆ ಕಡೆಯಿಂದ ಅದೇ ಪುಟ ತೆರೆದು ಹೆಸರು ಒತ್ತಿ ಪಿನ್ ಹಾಕಿದರೆ ಆಯಿತು.

ಜಾಸ್ತಿ ಜನರಿಗೆ ಕೈಕೊಡುವುದು ಸ್ಲೀಪ್. ಪವರ್ ಸೆಟ್ಟಿಂಗ್‌ನಲ್ಲಿ, ಪ್ಲಗ್ ಹಾಕಿದ್ದಾಗ ಸ್ಲೀಪ್ ಯಾವತ್ತೂ ಬೇಡ ಅಂತ ಮಾಡಿ. ಸ್ಕ್ರೀನ್ ಮಾತ್ರ ಆರಲಿ. ಕರೆಂಟ್ ಹೋಗಿ ಬಂದರೆ ಡೆಸ್ಕ್‌ಟಾಪ್ ತಾನೇ ಎದ್ದೇಳುವ ಆಯ್ಕೆ ಹೆಚ್ಚಿನ ಬಯೋಸ್‌ಗಳಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್‌ನಲ್ಲಿ, ಇರುತ್ತದೆ. ರೂಟರಿಗೆ ಒಂದು ಚಿಕ್ಕ ಯುಪಿಎಸ್ ಇದ್ದರೆ ಒಳ್ಳೆಯದು.

ನೀವು ದೂರದಿಂದ ಮಾಡುವುದೆಲ್ಲ ಮನೆಯ ಮಾನಿಟರಿನಲ್ಲೂ ಕಾಣುತ್ತಿರುತ್ತದೆ, ಅದು ಗೊತ್ತಿರಲಿ. ಮುಗಿಸುವಾಗ ಸುಮ್ನೆ ಟ್ಯಾಬ್ ಮುಚ್ಚಬೇಡಿ, ಕಂಪ್ಯೂಟರ್ ಲಾಕ್ ಮಾಡಿಯೇ ಹೊರಬನ್ನಿ. ಆಫೀಸಿನ ಫೈಲುಗಳನ್ನು ಮಾತ್ರ ಆ ಕಡೆ ಕಳಿಸಬೇಡಿ.

ಇದನ್ನೆಲ್ಲ ಹಿಂದಿನ ರಾತ್ರಿಯೇ ಮಾಡಿ, ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಒಮ್ಮೆ ಒಳಗೆ ಹೋಗಿ ನೋಡಿ.